ಅತ್ತೆ ಪಾಸಾದ ಪರೀಕ್ಷೆ

ಕಾಫಿಯ ಮೇಲಿನ ನೊರೆ ಇನ್ನೂ ಒಡೆದಿರಲಿಲ್ಲ. ಸ್ಟೀಲಿನ ಲೋಟ ಬಟ್ಟಲಿನ ನಟ್ಟನಡುವೆ ಕೂತಿತ್ತು, ಬಟ್ಟಲಿನಲ್ಲಿ ಒಂದು ಹನಿಯೂ ಚೆಲ್ಲಿರಲಿಲ್ಲ. ಅದನ್ನು ಹಿಡಿದು ಸೋಫಾದಲ್ಲಿ ಕೂತಿದ್ದ ಹೆಂಗಸನ್ನು ನಾನು ಹಿಂದೆ ನೋಡಿರಲಿಲ್ಲ. ಕೊರಳಲ್ಲಿ ಗುರುತಿನ ಚೀಟಿ, ತೊಡೆಯ ಮೇಲೆ ಟ್ಯಾಬ್. ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ನನಗೆ ಆ ಲೋಟ ಕಂಡ ಕೂಡಲೇ ತಡವಾಗಿ ಬಂದೆನೆಂಬುದು ತಿಳಿಯಿತು.

ಆಕೆ ಒಂದು ಹೋಮ್ ಕೇರ್ ಏಜೆನ್ಸಿಯ ಸೂಪರ್‌ವೈಸರ್. ವಿಜಯವಾಡದ ಪಟಮಟದಲ್ಲಿರುವ ನಮ್ಮ ಮನೆಗೆ ಬಂದದ್ದು, ಅತ್ತೆಗೆ ಎಷ್ಟು ಸಹಾಯ ಬೇಕು ಎಂದು ಕಣ್ಣಾರೆ ಕಂಡು ಬರೆದುಕೊಳ್ಳಲು. ಅತ್ತೆ ಎಂದರೆ ಅಪ್ಪನ ಅಕ್ಕ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು, ಆಪರೇಶನ್ ಮಾಡಿಸಿಕೊಂಡು, ಆಗಷ್ಟೇ ಮನೆಗೆ ಬಂದಿದ್ದಳು. ವಾಕರ್ ಹಿಡಿದು ಹಾಸಿಗೆಯಿಂದ ಬಚ್ಚಲಿನವರೆಗೆ ಹೋಗುವುದೇ ಅವಳಿಗೆ ಒಂದು ಪ್ರಯಾಣ. ಆ ಅತ್ತೆ ವಾಕರನ್ನು ಮೂಲೆಗೆ ತಳ್ಳಿ, ಗೋಡೆ ಹಿಡಿದು ಅಡುಗೆಮನೆಗೆ ಹೋಗಿ, ಡಿಕಾಕ್ಷನ್ ಇಳಿಸಿ, ಹಾಲು ಕಾಯಿಸಿ, ಕಾಫಿ ಎತ್ತಿ ಹಾಕಿ ತಂದುಕೊಟ್ಟಿದ್ದಳು. ವಿಶಾಖಪಟ್ಟಣದಿಂದ ನಾನು ಬಂದ ರೈಲು ಏಲೂರಿನ ಹತ್ತಿರ ಸುಮ್ಮನೆ ನಿಂತಿದ್ದ ಹೊತ್ತಿನಲ್ಲಿ ಇದೆಲ್ಲ ನಡೆದುಹೋಗಿತ್ತು.

"ಅಮ್ಮಗಾರು ಚಾಲಾ ಆ್ಯಕ್ಟಿವ್‌ಗಾ ಉನ್ನಾರಂಡಿ," ಎಂದು ಸೂಪರ್‌ವೈಸರ್ ಅಪ್ಪನಿಗೆ ಹೇಳಿದಳು, ತುಂಬ ಚುರುಕಾಗಿದ್ದಾರೆ ಎಂದು. ಅಪ್ಪನ ಮುಖದಲ್ಲಿ, ಬ್ರಾಂಚಿಗೆ ಬಂದ ಆಡಿಟರ್ ಏನೂ ಆಕ್ಷೇಪಣೆ ಬರೆಯದೆ ಎದ್ದು ಹೊರಟಾಗ ಬರುತ್ತಿದ್ದ ಸಮಾಧಾನವಿತ್ತು.

ಅತ್ತೆ ಅಡುಗೆಮನೆಯ ಬಾಗಿಲವಾಡ ಹಿಡಿದು ನಗುತ್ತ ನಿಂತಿದ್ದಳು. ಲಿಫ್ಟಿನ ಬಾಗಿಲು ಮುಚ್ಚಿದ ಸದ್ದು ಕೇಳುವವರೆಗೂ ನಗು ಹಾಗೇ ಇತ್ತು. ಆಮೇಲೆ ನನ್ನ ಕಡೆಗೆ ತಿರುಗಿ, "ಪುಟ್ಟೀ, ಸ್ವಲ್ಪ ಹಿಡ್ಕೊಳೇ," ಎಂದಳು. ಸೊಂಟಕ್ಕೆ ಕೈ ಕೊಟ್ಟಾಗ ಸೀರೆಯ ಹಿಂಭಾಗ ಪೂರ್ತಿ ಒದ್ದೆಯಾಗಿತ್ತು. ಆ ವಾರಾಂತ್ಯ ಅವಳು ಹಾಸಿಗೆ ಬಿಟ್ಟು ಏಳಲಿಲ್ಲ.

ಆ ಏಜೆನ್ಸಿಯಲ್ಲಿ ಮೂರು ದರ್ಜೆಗಳಿದ್ದವು. ಮೊದಲನೆಯದಕ್ಕೆ ಕಂಪ್ಯಾನಿಯನ್ ಎಂದು ಹೆಸರು: ಬಂದವರು ಜೊತೆಗೆ ಕೂತಿರುತ್ತಾರೆ, ಮಾತಾಡಿಸುತ್ತಾರೆ, ಮಾತ್ರೆಯ ಹೊತ್ತು ನೆನಪಿಸುತ್ತಾರೆ, ಮೈ ಮುಟ್ಟುವ ಕೆಲಸವಿಲ್ಲ. ಎರಡನೆಯ ದರ್ಜೆಯವರು ಕೈಹಿಡಿದು ನಡೆಸುತ್ತಾರೆ, ಸ್ನಾನ ಮಾಡಿಸುತ್ತಾರೆ, ಬಟ್ಟೆ ಬದಲಿಸುತ್ತಾರೆ. ಮೂರನೆಯದು ಹಾಸಿಗೆ ಹಿಡಿದವರಿಗೆ. ದರ್ಜೆ ಏರಿದಂತೆ ತಿಂಗಳ ಹಣ ಏರುತ್ತದೆ. ಯಾರಿಗೆ ಯಾವ ದರ್ಜೆ ಎಂಬುದನ್ನು ಮನೆಯವರು ಹೇಳಿದರೆ ಸಾಲದು, ಸೂಪರ್‌ವೈಸರ್ ಬಂದು ನೋಡಿ ಗೊತ್ತುಮಾಡಬೇಕು. ಆಗತಾನೇ ಪರಿಚಯವಾದ ಅತಿಥಿಗೆ ನೊರೆ ಒಡೆಯದ ಕಾಫಿ ತಂದುಕೊಟ್ಟವಳಿಗೆ ಮೊದಲನೆಯದು ಸಿಕ್ಕಿತು.

"ಇದು ಸರಿಯಿಲ್ಲ, ಅಪ್ಪ. ಅವಳಿಗೆ ಸ್ನಾನಕ್ಕೆ ಜನ ಬೇಕು," ಎಂದೆ.

"ಅವಳೇ ಎದ್ದು ಕಾಫಿ ಮಾಡಿದ್ಲಲ್ಲಮ್ಮ. ನಾನೇನು ಮಾಡು ಅಂದ್ನಾ?"

"ಬೇಡ ಅಂದ್ರಾ?"

ಅಪ್ಪ ಪತ್ರಿಕೆ ತೆಗೆದುಕೊಂಡರು.

ಅಪ್ಪ ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದವರು. ತಿಪಟೂರಿನ ಕಡೆಯಿಂದ ವರ್ಗವಾಗಿ ಆಂಧ್ರಕ್ಕೆ ಬಂದಾಗ, ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡನನ್ನು ಕಳೆದುಕೊಂಡು ಮಕ್ಕಳಿಲ್ಲದೆ ತವರಿನಲ್ಲಿದ್ದ ಅಕ್ಕನನ್ನು ಜೊತೆಗೆ ಕರೆತಂದರು. ಕರೆತಂದರು ಎಂಬುದು ಮನೆಯಲ್ಲಿ ಹೇಳುವ ರೀತಿ. ಅಲ್ಲಿಂದಾಚೆಗೆ ಪ್ರತಿ ವರ್ಗಾವಣೆಯಲ್ಲೂ ಅತ್ತೆ ನಮ್ಮ ಸಾಮಾನಿನ ಲಾರಿಗಿಂತ ಮುಂಚೆ ಹೋಗಿ ಹೊಸ ಮನೆ ಗುಡಿಸಿ ಹಾಲು ಉಕ್ಕಿಸುತ್ತಿದ್ದಳು. ನನ್ನನ್ನು ಸಾಕಿದಳು. ನನ್ನ ಅಮ್ಮ ಕಾಯಿಲೆ ಬಿದ್ದಾಗ ಅಮ್ಮನಿಗೆ ಸ್ನಾನ ಮಾಡಿಸಿದಳು, ಉಣಿಸಿದಳು, ಮಗ್ಗುಲು ಬದಲಿಸಿದಳು. ಏಜೆನ್ಸಿಯ ಮೂರೂ ದರ್ಜೆಗಳ ಕೆಲಸವನ್ನು ಒಬ್ಬಳೇ ಮಾಡಿದ್ದಳು. ಅಮ್ಮ ತೀರಿಕೊಂಡ ಮೇಲೆ ಅಪ್ಪನ ಕಾಫಿ, ತಿಂಡಿ, ಇಸ್ತ್ರಿ ಯಾವುದೂ ನಿಲ್ಲಲಿಲ್ಲ. ಇದಕ್ಕೆಲ್ಲ ಒಂದು ದರ ಇದೆ ಎಂಬುದು ನಮ್ಮ ಮನೆಗೆ ಗೊತ್ತಾದದ್ದು, ಅವಳು ಬಿದ್ದ ಮೇಲೆ.

ಮೊದಮೊದಲು ಅಪ್ಪ ಇದು ಇನ್ಶೂರೆನ್ಸಿನಲ್ಲಿ ಬರುತ್ತದೆ ಎಂದುಕೊಂಡಿದ್ದರು. ಅತ್ತೆಯ ಹೆಸರಿನಲ್ಲಿ ಮಾಡಿಸಿದ್ದ ಪಾಲಿಸಿ ಆಪರೇಶನ್ನಿಗೆ ಹಣ ಕೊಟ್ಟಿತ್ತು. ಸೀಲು, ಸಹಿ ಇರುವ ಬಿಲ್ಲು ತಂದರೆ ಉಳಿದದ್ದೂ ಬರಬೇಕಲ್ಲ ಎಂಬುದು ಅವರ ಲೆಕ್ಕ. ಕಚೇರಿಯ ಹುಡುಗ ಡಾಕ್ಟರ ಚೀಟಿಯನ್ನು ತಿರುವಿ ನೋಡಿದ. ಇಂಜೆಕ್ಷನ್ ಇದೆಯೇ, ಗಾಯಕ್ಕೆ ಡ್ರೆಸಿಂಗ್ ಇದೆಯೇ, ನರ್ಸ್ ಮಾಡಬೇಕಾದ ಏನಾದರೂ ಇದೆಯೇ ಎಂದು ಕೇಳಿದ. ಯಾವುದೂ ಇರಲಿಲ್ಲ. "ಸ್ನಾನಂ ಚೇಯಿಂಚಡಂ ಟ್ರೀಟ್‌ಮೆಂಟ್ ಕಾದು ಸಾರ್," ಎಂದ, ಮರ್ಯಾದೆಯಿಂದಲೇ. ಸ್ನಾನ ಮಾಡಿಸುವುದು, ತಿನ್ನಿಸುವುದು, ಬಚ್ಚಲಿಗೆ ಕರೆದೊಯ್ಯುವುದು ಚಿಕಿತ್ಸೆಯಲ್ಲ. ಇಷ್ಟು ಆಗದಿದ್ದರೆ ಮನುಷ್ಯರು ಉಳಿಯುವುದಿಲ್ಲ. ಆದರೆ ಅದಕ್ಕೆ ಯಾರೂ ಹಣ ಕೊಡುವುದಿಲ್ಲ.

ಆಗ ಅಪ್ಪ ತಮಗೆ ಗೊತ್ತಿದ್ದ ದಾರಿ ಹಿಡಿದರು. ಬ್ಯಾಂಕಿಗೆ ಫ್ಯಾನು ಕೊಳ್ಳಲಿ, ಕುರ್ಚಿ ಕೊಳ್ಳಲಿ, ಮೂರು ಕಡೆ ಕೊಟೇಶನ್ ತರಿಸಿ ಕಡಿಮೆಯದನ್ನು ಒಪ್ಪುವುದು ಅವರ ವೃತ್ತಿಯ ಶಿಸ್ತು. "ಮೂರು ಕೊಟೇಶನ್ ತರಿಸಿದೀನಿ, ಇದೇ ಲೋಯೆಸ್ಟ್," ಎಂದು ನನಗೆ ಫೋನಿನಲ್ಲಿ ಹೇಳಿದ್ದರು. ಉಳಿದೆರಡು ಯಾವುವು ಎಂದು ನಾನು ಕೇಳಿರಲಿಲ್ಲ.

ಕಂಪ್ಯಾನಿಯನ್ ಆಗಿ ಬಂದಾಕೆ ನಡುವಯಸ್ಸಿನವಳು, ಮಾತಿನವಳು, ಕೆಲಸಗಳ್ಳಿಯೇನಲ್ಲ. ಬೆಳಿಗ್ಗೆ ಬಂದು ಸಂಜೆ ಹೋಗುತ್ತಿದ್ದಳು. ಮುಂದಿನ ಸಲ ಮನೆಗೆ ಬಂದಾಗ ನಾನು ಕಂಡದ್ದು ಇದು: ಊಟದ ಮೇಜಿನ ಮುಂದೆ ಆಕೆ ಕೂತಿದ್ದಾಳೆ, ಅತ್ತೆ ಒಂದು ಕೈಯಲ್ಲಿ ಮೇಜಿನ ಅಂಚು ಹಿಡಿದು ಇನ್ನೊಂದು ಕೈಯಿಂದ ಅವಳ ತಟ್ಟೆಗೆ ಹುಳಿ ಬಡಿಸುತ್ತಿದ್ದಾಳೆ.

"ಇನ್ನೊಂಚೂರು ಹಾಕ್ಕೋ. ಅಷ್ಟು ದೂರದಿಂದ ಬಸ್ಸಲ್ಲಿ ಬರ್ತೀಯ," ಎಂದು ಅತ್ತೆ ಕನ್ನಡವನ್ನೂ ತೆಲುಗನ್ನೂ ಕಲಸಿ ಉಪಚಾರ ಮಾಡುತ್ತಿದ್ದಳು.

ಆಕೆ ನನ್ನನ್ನು ಕಂಡು ಎದ್ದು ನಿಂತಳು. "ವದ್ದಂಟೇ ವಿನರು ಮೇಡಂ," ಎಂದಳು. ಬೇಡ ಎಂದರೆ ಕೇಳುವುದಿಲ್ಲ. ಆಕೆ ಹೇಳಿದ್ದು ನಿಜ. ಅತ್ತೆಯ ಬದುಕಿನಲ್ಲಿ ಮನೆಗೆ ಬಂದು ಕುರ್ಚಿಯಲ್ಲಿ ಕೂತವರೆಲ್ಲ ಅತಿಥಿಗಳು. ತನ್ನ ಸೇವೆಗಾಗಿ ಒಬ್ಬರು ಬಂದು ಕೂರಬಹುದು ಎಂಬುದಕ್ಕೆ ಅವಳಲ್ಲಿ ಜಾಗವೇ ಇರಲಿಲ್ಲ. ಹೀಗೆ ನಾವು ಪ್ರತಿ ತಿಂಗಳೂ ಹಣ ಕೊಟ್ಟು, ಅತ್ತೆ ಬಡಿಸಬೇಕಾದವರ ಸಂಖ್ಯೆಯನ್ನು ಹೆಚ್ಚಿಸಿದ್ದೆವು.

ನಾನು ವಿಶಾಖಪಟ್ಟಣದಲ್ಲಿ ಒಂದು ಔಷಧ ಕಂಪನಿಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಸಿಂಹಾಚಲಂ ಬೆಟ್ಟದ ಕೆಳಗೆ, ಮೂರನೆಯ ಮಹಡಿಯಲ್ಲಿ ಇನ್ನೊಬ್ಬಳ ಜೊತೆ ಹಂಚಿಕೊಂಡ ಕೋಣೆ, ಲಿಫ್ಟಿಲ್ಲ. ಅತ್ತೆಯನ್ನು ಅಲ್ಲಿಗೆ ತರುವ ಮಾತಿಲ್ಲ. ಶಿಫ್ಟುಗಳ ನಡುವೆ ರಜೆ ಸಿಕ್ಕಾಗ ರೈಲು ಹತ್ತುತ್ತಿದ್ದೆ. ಒಂದು ದಿನ ಕೆಲಸದ ಮಧ್ಯೆ ಫೋನು ಬಂತು. ಕಂಪ್ಯಾನಿಯನ್ ಮಾತಾಡುತ್ತಿದ್ದಳು. ಅತ್ತೆ ಸ್ನಾನಕ್ಕೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡು ಬಿದ್ದಿದ್ದಳು. ಅಪ್ಪ ಹೊರಗೆ ನಿಂತು "ಅಕ್ಕಾ, ಅಕ್ಕಾ" ಎಂದು ಕರೆಯುತ್ತಿದ್ದರಂತೆ. ಕೊನೆಗೆ ಅತ್ತೆ ತಾನೇ ಒದ್ದೆ ನೆಲದ ಮೇಲೆ ತೆವಳಿಕೊಂಡು ಬಂದು ಚಿಲಕ ತೆಗೆದಳು. ತೆಗೆಯುವ ಮುಂಚೆ ಟವೆಲು ಸುತ್ತಿಕೊಂಡಿದ್ದಳು.

ಮೂಳೆಗೆ ಏನೂ ಆಗಿರಲಿಲ್ಲ. ತೊಡೆ ಮಂಡಿಯಿಂದ ಮೇಲಕ್ಕೆ ಕಪ್ಪಾಗಿತ್ತು. ನಾನು ಏಜೆನ್ಸಿಗೆ ಫೋನು ಮಾಡಿ ಎರಡನೆಯ ದರ್ಜೆ ಕೊಡಿ ಎಂದೆ. ಹಿಂದಿನ ವರದಿಯಲ್ಲಿ ಅವರು ಸ್ವತಂತ್ರವಾಗಿ ಓಡಾಡುತ್ತಾರೆ, ಕಾಫಿ ಮಾಡಿ ಕೊಟ್ಟರು ಎಂದಿದೆ, ಇನ್ನೊಮ್ಮೆ ಬಂದು ನೋಡಿಯೇ ಬದಲಿಸಬೇಕು ಎಂದರು. ಕೈ ಹಿಡಿಯದೆ ಸ್ನಾನ ಮಾಡಿದರೆ ಇನ್ನೊಂದು ಸಲ ಬಿದ್ದಾಗ ಅವಳು ತೆವಳಿ ಬಂದು ಚಿಲಕ ತೆಗೆಯಲಾರಳು ಎಂದು ನನಗೆ ಗೊತ್ತಿತ್ತು. ಎರಡನೆಯ ಸಲ ಅವಳು ಆ ಪರೀಕ್ಷೆಯಲ್ಲಿ ಫೇಲಾಗಲೇಬೇಕಿತ್ತು.

ಅಪ್ಪನಿಗೆ ಹೇಳಿದೆ.

"ಎರಡನೇದು ಅಂದ್ರೆ ನನ್ನ ಪೆನ್ಶನ್ನಲ್ಲಿ ಏನು ಮಿಗುತ್ತೆ?"

"ಹೆಚ್ಚಿಗೆ ಆಗೋದನ್ನ ನಾನು ಕೊಡ್ತೀನಿ."

"ಎಷ್ಟು ದಿನ ಅಂತ ಕೊಡ್ತೀಯ?"

ಆ ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಇತ್ತು. ಅದು ನಮ್ಮಿಬ್ಬರಿಗೂ ಕೇಳಿಸಿತು. ಅಪ್ಪ ಕನ್ನಡಕ ತೆಗೆದು ಒರೆಸಿಕೊಂಡರು. ನನ್ನ ಹಣವನ್ನು ನಾನು ಯಾವುದಕ್ಕೆ ಎತ್ತಿಟ್ಟಿದ್ದೆ ಎಂಬುದು ಇಲ್ಲಿ ಬೇಡ. ಅದು ಅದಕ್ಕೆ ಹೋಗಲಿಲ್ಲ, ಅಷ್ಟೆ.

ಸೂಪರ್‌ವೈಸರ್ ಬರುವ ಹಿಂದಿನ ದಿನ ಅತ್ತೆಯ ತಲೆ ಬಾಚುತ್ತ, "ನಾಳೆ ಆಕೆ ಬಂದಾಗ ನೀನು ಏಳಬಾರದು," ಎಂದೆ.

"ಬಂದವರನ್ನ ಹಾಗೇ ಕಳಿಸೋಕಾಗುತ್ತೇನೆ?"

"ಅಪ್ಪ ಮಾಡಿ ಕೊಡ್ತಾರೆ."

"ನಿಮ್ಮಪ್ಪನಾ? ಅವನಿಗೆ ಗ್ಯಾಸು ಯಾವ ಕಡೆ ತಿರುಗಿಸ್ಬೇಕು ಅಂತ ಗೊತ್ತಿದೆಯಾ?" ಅತ್ತೆ ಮೈಯೆಲ್ಲ ಕುಲುಕಿಸಿ ನಕ್ಕಳು. ನಕ್ಕು ಮುಗಿದ ಮೇಲೆ ದನಿ ತಗ್ಗಿಸಿದಳು. "ಗನ್ನವರಂ ಹತ್ರ ಯಾವುದೋ ವೃದ್ಧಾಶ್ರಮ ಇದೆಯಂತಲ್ಲ. ಏರ್‌ಪೋರ್ಟ್ ಆಚೆಗೆ. ಕಿಟಕೀಲಿ ವಿಮಾನ ಕಾಣ್ಸುತ್ತಂತೆ."

"ಯಾರು ಹೇಳಿದ್ದು?"

"ನಿಮ್ಮಪ್ಪ ಫೋನಲ್ಲಿ ಕೇಳ್ತಿದ್ದ. ತಿಂಗಳಿಗೆಷ್ಟು, ಊಟ ಸೇರಿಯೋ ಹೊರತೋ ಅಂತ. ನನಗೆ ಕಿವಿ ಚೆನ್ನಾಗಿದೆ ಕಣೆ." ಬಾಚಣಿಗೆಗೆ ತಲೆ ಒಡ್ಡಿಕೊಂಡೇ ಹೇಳಿದಳು. "ಕೈಲಾಗಲ್ಲ ಅಂತ ಆಕೆ ಬರ್ಕೊಂಡು ಹೋದ್ರೆ, ಆಮೇಲೆ ಅಲ್ಲಿಗೇ ತಾನೆ?"

ಅಂದರೆ ಅವಳು ಕಾಫಿ ತಂದದ್ದು ಬರೀ ಉಪಚಾರಕ್ಕಲ್ಲ. ಪಾಸಾದರೆ ಮನೆಯಲ್ಲಿರಬಹುದು, ಫೇಲಾದರೆ ಗನ್ನವರಂ ಎಂದು ತಿಳಿದು, ನೋವು ನುಂಗಿಕೊಂಡು, ಚೆಲ್ಲದಂತೆ ತಂದಿದ್ದಳು. ವಿಷಯ ಅದರ ತದ್ವಿರುದ್ಧ, ಫೇಲಾದರೆ ಮಾತ್ರ ಸ್ನಾನಕ್ಕೆ ಜನ ಸಿಕ್ಕಿ ಮನೆಯಲ್ಲಿ ಉಳಿಯಬಹುದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮನೆಯಲ್ಲಿ ಅವಳ ಬಗ್ಗೆ ಮಾತಾಡುತ್ತಿದ್ದೆವು, ಅವಳ ಜೊತೆಗಲ್ಲ.

ಹೊರಗೆ ಹೋಗಿ ಅಪ್ಪನನ್ನು ಕೇಳಿದೆ. ಅವರು ಸುಳ್ಳು ಹೇಳಲಿಲ್ಲ. "ವಿಚಾರಿಸಿದೆ ಅಷ್ಟೆ. ಮೂರು ಕೊಟೇಶನ್ ಬೇಕಿತ್ತಲ್ಲ. ಮೂರನೇದು ಅದು," ಎಂದರು.

ಒಳಗೆ ಬಂದು, ಎಲ್ಲಿಗೂ ಕಳಿಸುವುದಿಲ್ಲ, ನಾಳೆ ನಿಜ ಹೇಳಿದರೆ ಸ್ನಾನ ಮಾಡಿಸಲು ಮನೆಗೇ ಜನ ಬರುತ್ತಾರೆ ಎಂದು ಅತ್ತೆಗೆ ಬಿಡಿಸಿ ಹೇಳಿದೆ. ಅವಳು ಹೂಂ ಎಂದಳು. ನನ್ನನ್ನು ನಂಬಲಿಲ್ಲ ಎಂಬುದು ಆ ಹೂಂನಲ್ಲೇ ಇತ್ತು.

ಮರುದಿನ ಮಧ್ಯಾಹ್ನ ಅದೇ ಸೂಪರ್‌ವೈಸರ್ ಬಂದಳು. ಅತ್ತೆ ಹಟ ಮಾಡಿ ನನ್ನಿಂದ ಹೊಸ ಸೀರೆ ಉಡಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದಳು. ಅಪ್ಪ ಎದುರಿನ ಸೋಫಾದಲ್ಲಿದ್ದರು. ಸೂಪರ್‌ವೈಸರ್ ಒಂದೊಂದಾಗಿ ಕೇಳಿದಳು. ಹಲ್ಲುಜ್ಜಿಕೊಳ್ಳುವುದು? "ನೇನೇ ಚೇಸ್ಕುಂಟಾನು." ತಲೆ ಬಾಚುವುದು, ಸೀರೆ ಉಡುವುದು? "ನೇನೇ." ಸ್ನಾನ? "ನೇನೇ ಚೇಸ್ಕುಂಟಾನು," ತಾನೇ ಮಾಡಿಕೊಳ್ಳುತ್ತೇನೆ. ಪ್ರತಿ ಉತ್ತರದ ಹಿಂದೆಯೇ ನಾನು ಅಲ್ಲ ಎಂದೆ. ಸೀರೆ ನಾನು ಉಡಿಸಿದ್ದು. ತಲೆ ನಾನು ಬಾಚಿದ್ದು. ರಾತ್ರಿ ಬಚ್ಚಲಿಗೆ ತಲುಪುವಷ್ಟರಲ್ಲಿ ಆಗಿಹೋಗುತ್ತದೆ, ಹಾಸಿಗೆಯ ಕೆಳಗೆ ರಬ್ಬರ್ ಶೀಟು ಹಾಕಿದ್ದೇವೆ. ನನ್ನ ತೆಲುಗು ಚೆನ್ನಾಗಿದೆ. ಆಂಧ್ರದಲ್ಲೇ ಶಾಲೆಗೆ ಹೋದವಳು. ಅತ್ತೆಯದು ತರಕಾರಿಯವರಿಂದ ಕಲಿತ ತೆಲುಗು, ಆದರೆ ಇದೆಲ್ಲ ಅರ್ಥವಾಗುವಷ್ಟು ಸಾಕಾಗಿತ್ತು. ಅವಳು ನನ್ನ ಕಡೆಗೆ ನೋಡದೆ ಟಿ.ವಿ.ಯ ಆರಿದ ಪರದೆಯನ್ನು ನೋಡುತ್ತಿದ್ದಳು.

"ಕೈ ಊರದೆ ಎದ್ದು ನಿಲ್ಲಿ ಅಮ್ಮಗಾರೂ, ನೋಡೋಣ," ಎಂದು ಸೂಪರ್‌ವೈಸರ್ ತೆಲುಗಿನಲ್ಲಿ ಹೇಳಿದಳು.

ಅತ್ತೆ ಎದ್ದಳು. ತುಟಿ ಕಚ್ಚಿ, ಕುತ್ತಿಗೆಯ ನರ ಉಬ್ಬಿಸಿಕೊಂಡು ಎದ್ದು ನಿಂತು ನಕ್ಕಳು.

ಸೂಪರ್‌ವೈಸರ್ ನನ್ನ ಕಡೆ ವಾಲಿ ಮೆಲ್ಲಗೆ ಮಾತಾಡಿದಳು. ಕೆಟ್ಟವಳಲ್ಲ, ಅವಳಿಗೂ ಮೇಲೆ ಕೇಳುವವರಿದ್ದರು. "ಇಷ್ಟು ಚೆನ್ನಾಗಿ ನಿಲ್ತಾರೆ ಮೇಡಂ, ನಾನು ಎರಡನೇದು ಹೇಗೆ ಬರೀಲಿ? ಬಿದ್ರು ಅಂತೀರಿ. ಆಫೀಸಲ್ಲಿ ಪ್ರೂಫ್ ಕೇಳ್ತಾರೆ."

ನಾನು ಎದ್ದು ಅತ್ತೆಯನ್ನು ಕೂರಿಸಿ, ಬಗ್ಗಿ, ನೆರಿಗೆ ಹಿಡಿದು ಸೀರೆಯನ್ನು ತೊಡೆಯ ಮೇಲಕ್ಕೆ ಎತ್ತಿದೆ. ಕಪ್ಪು ಬಣ್ಣ ಅಂಚಿನಲ್ಲಿ ಹಳದಿಗೆ ತಿರುಗಿತ್ತು. ಅತ್ತೆಯ ಎರಡೂ ಕೈಗಳು ನನ್ನ ಮಣಿಕಟ್ಟಿನ ಮೇಲೆ ಬಂದವು, ತಳ್ಳಲು ನೋಡಿದವು. ಅವುಗಳಲ್ಲಿ ನನ್ನನ್ನು ತಳ್ಳುವಷ್ಟು ಬಲವಿರಲಿಲ್ಲ. ಸೂಪರ್‌ವೈಸರ್ ಅದನ್ನೂ ನೋಡಿದಳು. ಅಪ್ಪ ಎದ್ದು ಬಾಲ್ಕನಿಗೆ ಹೋದರು.

ಎರಡನೆಯ ದರ್ಜೆ ಸಿಕ್ಕಿತು. ಮರುದಿನ ಬೆಳಿಗ್ಗೆಯಿಂದಲೇ ಅಟೆಂಡೆಂಟ್ ಬರುತ್ತಾಳೆ, ಒಂದು ತಿಂಗಳ ಹಣ ಮುಂಗಡ ಎಂದಳು ಸೂಪರ್‌ವೈಸರ್. ಅಲ್ಲೇ ನಿಂತು ಫೋನಿನಿಂದ ಕಳಿಸಿದೆ. ಹೊರಡುವಾಗ ಬಚ್ಚಲನ್ನು ಒಮ್ಮೆ ನೋಡಿ, ಒಳಗಿನ ಚಿಲಕ ಇರಕೂಡದು, ಅದಿದ್ದರೆ ನಮ್ಮ ಹುಡುಗಿಯನ್ನು ಒಳಗೆ ಬಿಡುವುದಿಲ್ಲ, ಕೀಳಿಸಿಬಿಡಿ ಎಂದಳು.

ಆ ಸಂಜೆ ಅತ್ತೆ ಊಟ ಬಿಡಲಿಲ್ಲ, ಅಳಲಿಲ್ಲ. ನಾನು ಕಲಸಿಕೊಟ್ಟ ಮೊಸರನ್ನ ತಿಂದಳು. ತಟ್ಟೆ ತೆಗೆಯಲು ಬಗ್ಗಿದಾಗ ಹೇಳಿದಳು:

"ನಿಮ್ಮಪ್ಪ ನನಗಿಂತ ಚಿಕ್ಕೋನು. ಎತ್ತಿ ಆಡಿಸಿದೀನಿ. ಇಷ್ಟು ವರ್ಷ ಒಂದೇ ಮನೇಲಿ ಇದ್ದೀವಿ. ಅವನೆದುರಿಗೆ ನನ್ನ ಮಂಡಿ ಒಂದಿನ ಕಾಣ್ಸಿಲ್ಲ."

"ಅವರು ನೋಡಲಿಲ್ಲ ಅತ್ತೆ. ಎದ್ದು ಹೋದ್ರು."

"ನೋಡಿದ್ದಕ್ಕೇ ಎದ್ದು ಹೋದದ್ದು."

ನಾನು ತಟ್ಟೆ ತೆಗೆದುಕೊಂಡು ಅಡುಗೆಮನೆಗೆ ಬಂದೆ. ಕ್ಷಮೆ ಕೇಳಬಹುದಿತ್ತು. ಆದರೆ ಅದೇ ಮಧ್ಯಾಹ್ನ ಇನ್ನೊಮ್ಮೆ ಬಂದರೆ ನಾನು ಮತ್ತೆ ಅದನ್ನೇ ಮಾಡುತ್ತಿದ್ದೆ. ಹಾಗಿರುವಾಗ ಕ್ಷಮೆ ಕೇಳುವುದು ಅವಳ ಮೇಲೆ ಇನ್ನೊಂದು ಭಾರ ಹೊರಿಸಿದಂತೆ. ಹಾಲ್‌ನಲ್ಲಿ ಅಪ್ಪ ನ್ಯೂಸ್ ಹಾಕಿದ್ದರು, ದನಿ ಸ್ವಲ್ಪ ಹೆಚ್ಚಾಗಿಯೇ ಇತ್ತು. ಅತ್ತೆ ಮನೆಯಲ್ಲಿ ಉಳಿದಳು. ಅದಕ್ಕೆ ನಾವು ಮೂವರೂ ಬೇರೆಬೇರೆ ಬೆಲೆ ಕೊಟ್ಟಿದ್ದೆವು, ಎಲ್ಲಕ್ಕಿಂತ ಹೆಚ್ಚು ಕೊಟ್ಟವಳು ಅವಳೇ.

ಮರುದಿನ ಬೆಳಿಗ್ಗೆ ಬೇಗ ಎದ್ದೆ. ಅಟೆಂಡೆಂಟ್ ಬರುವ ಮುಂಚೆ ಸ್ನಾನ ಮಾಡಿಸಲೇ ಎಂದು ಅತ್ತೆಯನ್ನು ಕೇಳಿದೆ. "ಬೇಡ. ಅವಳು ಬರಲಿ," ಎಂದು ಗೋಡೆಯ ಕಡೆಗೆ ಹೊರಳಿದಳು. ಅಪ್ಪನ ಟೂಲ್ ಬಾಕ್ಸಿನಿಂದ ಸ್ಕ್ರೂಡ್ರೈವರ್ ತಂದು ಬಚ್ಚಲ ಬಾಗಿಲಿನ ಒಳಚಿಲಕದ ಸ್ಕ್ರೂಗಳನ್ನು ಬಿಚ್ಚಿದೆ. ನೀರು ಬಿದ್ದು ತುಕ್ಕು ಹಿಡಿದಿದ್ದ ಒಂದು ಸ್ಕ್ರೂ ಬಿಗಿಯಾಗಿ ಕೂತುಬಿಟ್ಟಿತ್ತು. ಎಣ್ಣೆ ಬಿಟ್ಟು, ಕಾದು, ಮತ್ತೆ ತಿರುಗಿಸಿದೆ. ಚಿಲಕವನ್ನೂ ಸ್ಕ್ರೂಗಳನ್ನೂ ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿದೆ. ಕೈ ತೊಳೆದುಕೊಂಡು ಗೀಸರ್ ಹಾಕಿದೆ.